ಆಹಾರದ ಪ್ಯಾಕಿಂಗ್ ಬದಲಿಸುವುದು ಹೇಗೆ? ತಿನಿಸೂ ಕೆಡದಂತೆ, ಕಸವೂ ಬೆಳೆಯದಂತೆ

ಪ್ಯಾಕಿಂಗ್ ಬದಲಿಸಲು ಹೊರಟವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: "ಪ್ಲಾಸ್ಟಿಕ್ ಬದಲು ಏನು ಹಾಕೋದು?" ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ನಮ್ಮದು ಬಿಸ್ಕತ್ತು ಮತ್ತು ಹುರಿದ ಬೀಜಗಳ ಸಣ್ಣ ಘಟಕ. ಹೊರಗೆ ಕಂದು ಕಾಗದ, ಒಳಗೆ ಗಿಡಮೂಲದ ಪ್ಲಾಸ್ಟಿಕ್ಕಿನ ತೆಳು ಪದರ ಇದ್ದ ಒಂದು ಪೌಚ್ ನೋಡಿ ಮನಸೋತೆ. "ಮಣ್ಣಿಗೆ ಹಾಕಿದರೆ ಮಣ್ಣಾಗುತ್ತೆ" ಅಂತ ಮಾರಿದವರು ಹೇಳಿದರು, ನಂಬಿದೆ. ಆರು ವಾರಕ್ಕೆ ಅಂಗಡಿಗಳಿಂದ ಮಾಲು ವಾಪಸ್ ಬರತೊಡಗಿತು. ಬಿಸ್ಕತ್ತು ಮೆತ್ತಗಾಗಿತ್ತು, ಬೀಜ ಕಮಟು ಹಿಡಿದಿತ್ತು. ಇಡೀ ಬ್ಯಾಚ್ ಸುರಿಯಬೇಕಾಯಿತು. ಹಿಟ್ಟು, ಬೆಣ್ಣೆ, ಸಕ್ಕರೆ, ಒಲೆಗೆ ಸುಟ್ಟ ಇಂಧನ, ನಾಲ್ಕಾರು ಜನರ ದುಡಿಮೆ ಎಲ್ಲವೂ ಕಸಕ್ಕೆ ಹೋಯಿತು. ಇಷ್ಟು ಕಳೆದುಕೊಂಡು ನಾವು ಉಳಿಸಿದ್ದು ಪೌಚಿಗೆ ಕೆಲವೇ ಗ್ರಾಂ ಪ್ಲಾಸ್ಟಿಕ್.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಂತೆ 2022ರಲ್ಲಿ ಜಗತ್ತಿನ ಮನೆ, ಹೋಟೆಲ್, ಅಂಗಡಿಗಳಲ್ಲಿ ಹಾಳಾದ ಆಹಾರ ಸುಮಾರು 105 ಕೋಟಿ ಟನ್. ಗ್ರಾಹಕರ ಮಟ್ಟಕ್ಕೆ ಬಂದ ಆಹಾರದಲ್ಲಿ ಇದು ಶೇ. 19. ಹಾಗಾಗಿ ತಿನಿಸನ್ನು ಕಾಯದ ಪ್ಯಾಕೆಟ್ ಯಾವುದರಿಂದ ಮಾಡಿದ್ದಾದರೂ ಅದನ್ನು ನಾನು ಪರಿಸರಸ್ನೇಹಿ ಎಂದು ಕರೆಯುವುದಿಲ್ಲ. ಖಾಲಿಯಾದ ಮೇಲೆ ಯಾರೂ ಎತ್ತಿಕೊಳ್ಳದ ಪ್ಯಾಕೆಟ್ಟನ್ನೂ ಕರೆಯುವುದಿಲ್ಲ. ಮೊದಲು ಒಳಗಿನ ತಿನಿಸನ್ನು ನೋಡಿ. ಆಮೇಲೆ ಕಸದ ಬುಟ್ಟಿಯನ್ನು ನೋಡಿ. ವಸ್ತುವಿನ ಆಯ್ಕೆ ಇವೆರಡೂ ಆದ ಮೇಲೆ ಬರುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಇಟ್ಟಿದ್ದೇನೆ. ದಯವಿಟ್ಟು ನೇರವಾಗಿ ಐದನೇ ಹಂತಕ್ಕೆ ಹಾರಬೇಡಿ, ನಾನು ಎಡವಿದ್ದು ಅಲ್ಲೇ.

ಹಂತ 1: ಈಗ ಇರುವುದನ್ನು ತೂಕ ಮಾಡಿ

ಒಂದು ಸಣ್ಣ ತಕ್ಕಡಿ ಸಾಕು. ಒಂದು ಪ್ಯಾಕೆಟ್ ಬಿಚ್ಚಿ ಎಲ್ಲ ಭಾಗಗಳನ್ನೂ ಬೇರೆ ಬೇರೆ ತೂಗಿ: ಪೌಚ್, ಒಳಗಿನ ಟ್ರೇ, ಮುಚ್ಚಳ, ಲೇಬಲ್, ಹೊರಗಿನ ರಟ್ಟಿನ ಪೆಟ್ಟಿಗೆ. ಆಮೇಲೆ ಸಾಗಣೆಯ ದೊಡ್ಡ ಪೆಟ್ಟಿಗೆ, ಅದರ ಟೇಪು, ಸುತ್ತುವ ಫಿಲ್ಮ್ ಇವನ್ನೂ ತೂಗಿ, ಒಂದು ಪ್ಯಾಕೆಟ್ಟಿಗೆ ಎಷ್ಟು ಪಾಲು ಬೀಳುತ್ತದೆ ನೋಡಿ. ಕೊನೆಗೆ ಒಂದು ಕಿಲೋ ತಿನಿಸಿಗೆ ಎಷ್ಟು ಗ್ರಾಂ ಪ್ಯಾಕಿಂಗ್ ಬಳಸುತ್ತಿದ್ದೀರಿ ಎಂದು ಬರೆದಿಡಿ. ಮುಂದೆ ನೀವು ಮಾಡುವ ಪ್ರತಿ ಬದಲಾವಣೆಯನ್ನೂ ಈ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು.

ಫಿಲ್ಮ್ ಪೂರೈಸುವವರಿಂದ ಪದರಗಳ ವಿವರವನ್ನು ಲಿಖಿತವಾಗಿ ಕೇಳಿ. ಯಾವ ಪದರ, ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ, ಯಾವ ಶಾಯಿ, ಯಾವ ಅಂಟು. "ಲ್ಯಾಮಿನೇಟ್" (ಪದರಗಳನ್ನು ಅಂಟಿಸಿದ ಫಿಲ್ಮ್) ಎಂದಷ್ಟೇ ಹೇಳಿದರೆ ಸಾಲದು. ಮಾಮೂಲಿ ತಿಂಡಿ ಪ್ಯಾಕೆಟ್ಟಿನಲ್ಲಿ ಹೊರಗೆ ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ಅಥವಾ ಪಿಪಿ (ಪಾಲಿಪ್ರೊಪಿಲೀನ್), ನಡುವೆ ಅಲ್ಯುಮಿನಿಯಂ ಲೇಪ, ಒಳಗೆ ಸೀಲ್ ಆಗುವ ಪಿಇ (ಪಾಲಿಥೀನ್) ಹೀಗೆ ಎರಡು ಮೂರು ಜಾತಿಯ ವಸ್ತುಗಳು ಅಂಟಿಕೊಂಡಿರುತ್ತವೆ. ಒಂದೊಂದಕ್ಕೂ ಒಂದೊಂದು ಕೆಲಸ ಇದೆ. ಆ ಕೆಲಸ ಏನೆಂದು ತಿಳಿಯದೆ ಪದರ ಕಿತ್ತರೆ ತಿನಿಸು ಕೆಡುತ್ತದೆ.

ಹಂತ 2: ತಿನಿಸು ಯಾವುದರಿಂದ ಕೆಡುತ್ತದೆ ಎಂದು ಕಂಡುಕೊಳ್ಳಿ

ಇಲ್ಲಿ ಸಮಯ ಕೊಡಿ. ಇಡೀ ಕೆಲಸದಲ್ಲಿ ಜಾಸ್ತಿ ದುಡ್ಡು ಉಳಿಯುವುದೂ ಕಳೆಯುವುದೂ ಈ ಹಂತದಲ್ಲೇ.

ತಿನಿಸಿಗೆ ಶತ್ರುಗಳು ನಾಲ್ಕೈದು: ತೇವ, ಆಮ್ಲಜನಕ, ಬೆಳಕು, ಬೇರೆ ವಾಸನೆ, ಸಾಗಣೆಯ ಪೆಟ್ಟು. ಎಲ್ಲ ತಿನಿಸಿಗೂ ಎಲ್ಲವೂ ಶತ್ರುಗಳಲ್ಲ. ಬಿಸ್ಕತ್ತಿಗೆ ತೇವ ಹಗೆ. ಎಣ್ಣೆಯ ಅಂಶ ಇರುವ ಬೀಜಗಳಿಗೆ ಆಮ್ಲಜನಕವೂ ಬೆಳಕೂ ಹಗೆ. ಕಾಫಿ ಪುಡಿಯ ಘಮ ಹೊರಗೆ ಹೋಗಬಾರದು. ಬ್ರೆಡ್ಡಿನದು ಇನ್ನೊಂದು ಕಥೆ. ಅದು ಒಣಗಲೂ ಬಾರದು, ಒಳಗೆ ಬೆವರಿ ಬೂಸ್ಟು ಹಿಡಿಯಲೂ ಬಾರದು. ಸಕ್ಕರೆ, ಉಪ್ಪು, ಒಣ ಬೇಳೆಗಳಂಥವಕ್ಕೆ ಆಮ್ಲಜನಕದ ಚಿಂತೆ ಅಷ್ಟಿಲ್ಲ. ಅವನ್ನು ಅಲ್ಯುಮಿನಿಯಂ ಪದರದೊಳಗೆ ತುಂಬಿದ್ದರೆ ನೀವು ಬೇಡದ ಕಾವಲಿಗೆ ಸಂಬಳ ಕೊಡುತ್ತಿದ್ದೀರಿ.

ಕೇಳಬೇಕಾದ ಅಂಕಿಗಳು ಎರಡು. ಒಂದು, ಒಂದು ಚದರ ಮೀಟರ್ ಫಿಲ್ಮ್ ಮೂಲಕ ಒಂದು ದಿನಕ್ಕೆ ಎಷ್ಟು ಗ್ರಾಂ ನೀರಾವಿ ದಾಟುತ್ತದೆ. ಇನ್ನೊಂದು, ಅಷ್ಟೇ ಜಾಗದಲ್ಲಿ ಎಷ್ಟು ಮಿಲಿಲೀಟರ್ ಆಮ್ಲಜನಕ ದಾಟುತ್ತದೆ. ನೀರಾವಿಯ ಅಂಕಿಯನ್ನು ಸಾಮಾನ್ಯವಾಗಿ 38 ಡಿಗ್ರಿ ಸೆಲ್ಸಿಯಸ್, ಶೇ. 90 ತೇವದಲ್ಲಿ ಅಳೆಯುತ್ತಾರೆ. ಎರಡು ಫಿಲ್ಮ್‌ಗಳನ್ನು ಹೋಲಿಸುವಾಗ ಎರಡನ್ನೂ ಒಂದೇ ಸ್ಥಿತಿಯಲ್ಲಿ ಅಳೆದಿದ್ದಾರಾ ನೋಡಿ. 23 ಡಿಗ್ರಿಯ ಅಂಕಿಯನ್ನು 38 ಡಿಗ್ರಿಯದರ ಪಕ್ಕ ಇಟ್ಟರೆ ಕೆಟ್ಟ ಫಿಲ್ಮ್ ಕೂಡ ಒಳ್ಳೆಯದಾಗಿ ಕಾಣುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಪೌಚ್ 15 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದ ಇದೆ ಅಂದುಕೊಳ್ಳಿ. ಎರಡೂ ಬದಿ ಸೇರಿ 0.06 ಚದರ ಮೀಟರ್. 20 ಮೈಕ್ರಾನಿನ ಸಾದಾ ಪಿಪಿ ಫಿಲ್ಮ್ ದಿನಕ್ಕೆ ಚದರ ಮೀಟರಿಗೆ ಸುಮಾರು 5 ಗ್ರಾಂ ನೀರಾವಿ ಬಿಡುತ್ತದೆ. ಅಂದರೆ ಈ ಪೌಚಿನೊಳಗೆ ದಿನಕ್ಕೆ 0.3 ಗ್ರಾಂ. ಒಳಗಿರುವ 100 ಗ್ರಾಂ ಬಿಸ್ಕತ್ತು 3 ಗ್ರಾಂ ನೀರು ಹೀರಿದರೆ ಮೆತ್ತಗಾಗುತ್ತದೆ ಎಂದಿಟ್ಟುಕೊಂಡರೆ, ಬಾಳಿಕೆ 10 ದಿನ. ಅದೇ ಜಾಗದಲ್ಲಿ 0.5 ಗ್ರಾಂ ಮಾತ್ರ ಬಿಡುವ ಲೋಹಲೇಪಿತ ಫಿಲ್ಮ್ ಹಾಕಿದರೆ 100 ದಿನ. ಇದು ಅತಿ ಕಷ್ಟದ ಹವೆಯ ಲೆಕ್ಕ, ಒಣ ಹವೆಯಲ್ಲಿ ಎರಡೂ ಇನ್ನಷ್ಟು ದಿನ ಬಾಳುತ್ತವೆ. ಆದರೆ ಹತ್ತು ಪಟ್ಟಿನ ವ್ಯತ್ಯಾಸ ಎಲ್ಲಿಂದ ಬಂತು ಅಂತ ಕಾಣುತ್ತದೆ, ಅಲ್ವಾ? ನಾನು ಮನಸೋತ ಪೌಚಿನ ಒಳಪದರ ಪಿಎಲ್‌ಎ ಎಂಬ ಗಿಡಮೂಲದ ಪ್ಲಾಸ್ಟಿಕ್ ಆಗಿತ್ತು. ತೆಳು ಪಿಎಲ್‌ಎ ಫಿಲ್ಮ್ ಇದೇ ಸ್ಥಿತಿಯಲ್ಲಿ ನೂರಾರು ಗ್ರಾಂ ನೀರಾವಿ ಬಿಡುತ್ತದೆ. ಆ ಒಂದು ಅಂಕಿಯನ್ನು ಕೇಳಿದ್ದರೆ ಹತ್ತು ನಿಮಿಷದಲ್ಲಿ ವಿಷಯ ಮುಗಿಯುತ್ತಿತ್ತು.

ನಿಮ್ಮ ತಿನಿಸು ಎಷ್ಟು ನೀರು ಹೀರಿದರೆ ಮೆತ್ತಗಾಗುತ್ತದೆ ಎಂಬುದನ್ನು ನೀವೇ ಕಂಡುಕೊಳ್ಳಬಹುದು. ತೂಕ ಮಾಡಿದ ಬಿಸ್ಕತ್ತನ್ನು ತೆರೆದಿಡಿ. ಗಂಟೆಗೊಮ್ಮೆ ತೂಗಿ, ಒಂದು ತುಂಡು ಕಚ್ಚಿ ನೋಡಿ. "ಇನ್ನು ಇದನ್ನು ಮಾರಲಾರೆ" ಅನಿಸಿದಾಗಿನ ತೂಕ ಬರೆದುಕೊಳ್ಳಿ.

ಇನ್ನೊಂದು ಪ್ರಶ್ನೆ ಕೇಳಲೇಬೇಕು: ಈ ತಿನಿಸಿಗೆ ನಿಜಕ್ಕೂ ಎಷ್ಟು ದಿನದ ಬಾಳಿಕೆ ಬೇಕು? ಪ್ಯಾಕೆಟ್ ಮೇಲೆ ಆರು ತಿಂಗಳು ಎಂದು ಬರೆದಿದ್ದು, ಎಲ್ಲ ಮಾಲೂ ಎಂಟು ವಾರದಲ್ಲಿ ಖರ್ಚಾಗುತ್ತಿದ್ದರೆ, ಮೂರು ತಿಂಗಳ ಬಾಳಿಕೆ ಸಾಕು. ಆಗ ಆಯ್ಕೆಗಳು ಒಮ್ಮೆಗೇ ಜಾಸ್ತಿಯಾಗುತ್ತವೆ.

ಹಂತ 3: ಖಾಲಿ ಪ್ಯಾಕೆಟ್ ಎಲ್ಲಿಗೆ ಹೋಗುತ್ತದೆ ಎಂದು ಹೋಗಿ ನೋಡಿ

ಇಲ್ಲಿ ನಮ್ಮ ಭಾಷೆಯ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಬಾಟಲಿಯನ್ನು ತೊಳೆದು ಮತ್ತೆ ತುಂಬಿಸುವುದಕ್ಕೂ ಮರುಬಳಕೆ ಅನ್ನುತ್ತೇವೆ, ಕರಗಿಸಿ ಬೇರೆ ವಸ್ತು ಮಾಡುವುದಕ್ಕೂ ಮರುಬಳಕೆ ಅನ್ನುತ್ತೇವೆ. ಎರಡೂ ಬೇರೆ ಬೇರೆ ಕೆಲಸ, ಖರ್ಚೂ ಬೇರೆ, ಫಲವೂ ಬೇರೆ. ಈ ಬರಹದಲ್ಲಿ ತೊಳೆದು ಮತ್ತೆ ತುಂಬಿಸುವುದಕ್ಕೆ ಮರುಬಳಕೆ, ಕರಗಿಸಿ ಮಾಡುವುದಕ್ಕೆ ರೀಸೈಕಲ್ ಎಂದು ಬರೆಯುತ್ತೇನೆ. ಪೂರೈಕೆದಾರರ ಹತ್ತಿರ ಮಾತಾಡುವಾಗಲೂ ಇದನ್ನು ಬಿಡಿಸಿ ಕೇಳಿ.

ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಆರ್ಥಿಕ ಸಂಘಟನೆ ಒಇಸಿಡಿ 2022ರಲ್ಲಿ ಪ್ರಕಟಿಸಿದ ವರದಿಯಂತೆ ಜಗತ್ತಿನ ಪ್ಲಾಸ್ಟಿಕ್ ಕಸದಲ್ಲಿ ರೀಸೈಕಲ್ ಆಗುವುದು ಶೇ. 9 ಮಾತ್ರ. "ರೀಸೈಕಲ್ ಮಾಡಬಹುದು" ಎಂಬ ಮಾತಿಗೂ "ರೀಸೈಕಲ್ ಆಗುತ್ತದೆ" ಎಂಬ ಮಾತಿಗೂ ನಡುವೆ ಇಷ್ಟು ದೊಡ್ಡ ಕಂದಕ ಇದೆ. ಪ್ಯಾಕೆಟ್ ಮೇಲಿನ ತ್ರಿಕೋನದೊಳಗಿನ ಅಂಕಿಯನ್ನೂ ನೆಚ್ಚಿಕೊಳ್ಳಬೇಡಿ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘಟನೆ ತಂದ ಆ ಸಂಕೇತ ಪ್ಲಾಸ್ಟಿಕ್ಕಿನ ಜಾತಿಯನ್ನಷ್ಟೇ ಹೇಳುತ್ತದೆ. 1 ಅಂದರೆ ಪೆಟ್, 2 ಗಟ್ಟಿ ಪಿಇ, 3 ಪಿವಿಸಿ, 4 ಮೆತ್ತನೆ ಪಿಇ, 5 ಪಿಪಿ, 6 ಪಾಲಿಸ್ಟೈರೀನ್, 7 ಉಳಿದದ್ದೆಲ್ಲ. ಯಾರಾದರೂ ಅದನ್ನು ಕೊಳ್ಳುತ್ತಾರೆ ಎಂಬ ಭರವಸೆ ಅದರಲ್ಲಿಲ್ಲ.

ಹಾಗಾಗಿ ನಿಮ್ಮ ಮಾಲು ಮಾರಾಟವಾಗುವ ಕಡೆಯ ಗುಜರಿ ಅಂಗಡಿಗೆ, ಕಸ ವಿಂಗಡಿಸುವ ಕೇಂದ್ರಕ್ಕೆ ಹೋಗಿ. ನಿಮ್ಮ ಖಾಲಿ ಪ್ಯಾಕೆಟ್ಟನ್ನೂ, ಹಾಕಬೇಕೆಂದಿರುವ ಹೊಸ ಪ್ಯಾಕೆಟ್ಟುಗಳನ್ನೂ ಕೈಯಲ್ಲಿ ಹಿಡಿದು ಹೋಗಿ. "ಇದನ್ನು ತಗೋತೀರಾ? ತಗೊಂಡರೆ ಯಾವ ರಾಶಿಗೆ ಹಾಕುತ್ತೀರಿ?" ಎಂದು ಕೇಳಿ. ದಿನವಿಡೀ ಕಸ ಆರಿಸುವ ಕೈಗಳಿಗೆ ಗೊತ್ತಿರುವುದು ಯಾವ ಮಾಹಿತಿ ಪತ್ರದಲ್ಲೂ ಇರುವುದಿಲ್ಲ. ನಾನು ಹೋದಾಗ ಕಾಗದದ ಪೌಚನ್ನು ಅಲ್ಲಿದ್ದ ಹೆಂಗಸೊಬ್ಬರು ಒಮ್ಮೆ ಹರಿದು, ಒಳಗಿನ ಪದರ ತೋರಿಸಿ, "ಇದು ಕಾಗದದವರಿಗೂ ಬೇಡ, ಪ್ಲಾಸ್ಟಿಕ್‌ನವರಿಗೂ ಬೇಡ" ಅಂದರು. ಅವರು ಹೇಳಿದ್ದು ಸರಿ. ನನ್ನ ಪ್ರಕಾರ ಈ ಭೇಟಿಯನ್ನು ಯಾರೂ ತಪ್ಪಿಸಬಾರದು.

ಹಂತ 4: ಬದಲಿಸುವ ಮೊದಲು ಕಡಿಮೆ ಮಾಡಿ

ಇಲ್ಲಿ ಹೊಸ ವಸ್ತು ಬೇಕಿಲ್ಲ, ಹೊಸ ಮೆಷಿನ್ ಬೇಕಿಲ್ಲ. ಪೌಚಿನ ಹೊರಗೆ ಸುಮ್ನೆ ಅಂದಕ್ಕೆ ಇರುವ ರಟ್ಟಿನ ಪೆಟ್ಟಿಗೆ ತೆಗೆಯಬಹುದಾ? ಒಳಗಿನ ಟ್ರೇ ಇಲ್ಲದೆ ತಿನಿಸು ಮುರಿಯದೆ ಹೋಗುತ್ತದಾ? ಪೌಚಿನ ಮೇಲ್ಭಾಗ ಖಾಲಿ ಇದೆಯಾ? ಎರಡು ಸೆಂಟಿಮೀಟರ್ ಉದ್ದ ಕಡಿಮೆ ಮಾಡಿದರೆ 20 ಸೆಂ.ಮೀ. ಪೌಚಿನಲ್ಲಿ ಶೇ. 10 ಫಿಲ್ಮ್ ಉಳಿಯಿತು. ಸಾಗಣೆ ಪೆಟ್ಟಿಗೆಯೊಳಗೆ ಇನ್ನೂ ಜಾಸ್ತಿ ಪೌಚ್ ಹಿಡಿಯುತ್ತವೆ, ಗಾಡಿಯ ಓಡಾಟವೂ ಕಡಿಮೆಯಾಗುತ್ತದೆ.

ಒಂದು ಎಚ್ಚರ: ತಿನಿಸು ಪುಡಿಯಾಗದಂತೆ ಗಾಳಿ ತುಂಬಿದ ಪ್ಯಾಕೆಟ್ಟುಗಳಲ್ಲಿ ಆ ಖಾಲಿ ಜಾಗಕ್ಕೂ ಕೆಲಸ ಇದೆ. ಅಲ್ಲಿ ಕೈ ಹಾಕುವ ಮುನ್ನ ಬೀಳಿಸಿ ನೋಡಿ.

ಹಂತ 5: ಈಗ ವಸ್ತು ಆರಿಸಿ

ಒಣ ತಿನಿಸು, ಪುಡಿ, ಕುರುಕು ತಿಂಡಿಗಳ ಪೌಚುಗಳಿಗೆ ನಾನು ಮೊದಲು ನೋಡುವುದು ಒಂದೇ ಜಾತಿಯ ಪ್ಲಾಸ್ಟಿಕ್ಕಿನ ಫಿಲ್ಮ್. ಪೂರ್ತಿ ಪಿಇ ಅಥವಾ ಪೂರ್ತಿ ಪಿಪಿ. ಪ್ಲಾಸ್ಟಿಕ್ ಬಿಡಬೇಕೆಂದು ಹೊರಟವರಿಗೆ ಇದು ರುಚಿಸುವುದಿಲ್ಲ ಅಂತ ಗೊತ್ತು. ಆದರೂ ಯೋಚಿಸಿ. ಪೆಟ್ ಕರಗುವುದು ಸುಮಾರು 250 ಡಿಗ್ರಿಯಲ್ಲಿ, ಮೆತ್ತನೆ ಪಿಇ ಸುಮಾರು 110ರಲ್ಲಿ. ಎರಡನ್ನೂ ಅಂಟಿಸಿದ ಲ್ಯಾಮಿನೇಟನ್ನು ಒಟ್ಟಿಗೆ ಕರಗಿಸಿದರೆ ಹೊಸ ವಸ್ತು ಮಾಡಲು ಬೇಕಾದ ಒಳ್ಳೆಯ ಪ್ಲಾಸ್ಟಿಕ್ ಕಾಳು ಬರುವುದಿಲ್ಲ, ಬೇರೆ ಮಾಡುವುದೂ ಕಷ್ಟ. ಒಂದೇ ಜಾತಿಯಾದರೆ ಕರಗಿಸುವವರಿಗೆ ಅದು ಕಚ್ಚಾ ಮಾಲು. ಆಮ್ಲಜನಕ ತಡೆಯಲು ನಡುವೆ ಇವಿಒಎಚ್ ಎಂಬ ಬೇರೆ ಪ್ಲಾಸ್ಟಿಕ್ಕಿನ ತೆಳು ಪದರ ಹಾಕಬಹುದು. ಯೂರೋಪಿನ ಫಿಲ್ಮ್ ಉದ್ಯಮದ ಮಾರ್ಗಸೂಚಿಗಳು ಇಂಥ ತಡೆಪದರ ಒಟ್ಟು ತೂಕದ ಶೇ. 5 ಮೀರದಿರಲಿ ಎನ್ನುತ್ತವೆ. ಇವಿಒಎಚ್ ಒಣಗಿದ್ದಾಗ ಗಟ್ಟಿ ಕಾವಲುಗಾರ, ತೇವ ತಗುಲಿದರೆ ಸಡಿಲಾಗುತ್ತದೆ. ಅದಕ್ಕೇ ಅದನ್ನು ಎರಡು ಪಿಇ ಪದರಗಳ ನಡುವೆ ಇಡುತ್ತಾರೆ. ಮೂರನೇ ಹಂತದ ಭೇಟಿಯಲ್ಲಿ "ಫಿಲ್ಮ್ ನಾವು ಮುಟ್ಟೋದೇ ಇಲ್ಲ" ಎಂಬ ಉತ್ತರ ಬಂದಿದ್ದರೆ ಮಾತ್ರ ಇದರ ಲಾಭ ಅರ್ಧಕ್ಕಿಳಿಯುತ್ತದೆ. ಆಗ ಗಟ್ಟಿ ಡಬ್ಬಿ ಅಥವಾ ಕಾಗದದ ಕಡೆ ನೋಡಿ.

ಕಾಗದ ಒಳ್ಳೆಯದೇ, ಒಣ ಮತ್ತು ಎಣ್ಣೆಯಿಲ್ಲದ ಪದಾರ್ಥಕ್ಕೆ. ಹಿಟ್ಟು, ಸಕ್ಕರೆ, ಪಾಸ್ತಾ ಇವೆಲ್ಲ ಕಾಗದದಲ್ಲಿ ಸುಖವಾಗಿರುತ್ತವೆ. ಬರೀ ಕಾಗದ ತೇವವನ್ನೂ ಗಾಳಿಯನ್ನೂ ತಡೆಯುವುದಿಲ್ಲ, ಎಣ್ಣೆಯನ್ನಂತೂ ಹೀರಿಕೊಳ್ಳುತ್ತದೆ. ತಡೆಯಬೇಕಾದರೆ ಲೇಪ ಬೇಕು. ಲೇಪ ಬಂದ ಕೂಡಲೇ ಎರಡು ಪ್ರಶ್ನೆ ಏಳುತ್ತವೆ: ಕಾಗದದ ಗಿರಣಿಯಲ್ಲಿ ನೀರಿಗೆ ಹಾಕಿದರೆ ನಾರು ಬಿಡುತ್ತದಾ? ಲೇಪದಲ್ಲಿ ಏನಿದೆ? ಎರಡನೆಯದನ್ನು ಏಳನೇ ಹಂತದಲ್ಲಿ ನೋಡೋಣ.

ಗೊಬ್ಬರವಾಗುವ ಪ್ಲಾಸ್ಟಿಕ್ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಏಕೆಂದರೆ ಒಳ್ಳೆಯ ಮನಸ್ಸಿನ ಜನ ಹೆಚ್ಚಾಗಿ ಮೋಸ ಹೋಗುವುದು ಇಲ್ಲಿ. ಯೂರೋಪಿನ ಇಎನ್ 13432 ಮಾನದಂಡದಂತೆ ಅಂಥ ವಸ್ತು 12 ವಾರದಲ್ಲಿ ಚೂರಾಗಬೇಕು. 2 ಮಿ.ಮೀ. ಜರಡಿಯ ಮೇಲೆ ಶೇ. 10ಕ್ಕಿಂತ ಜಾಸ್ತಿ ಉಳಿಯಬಾರದು. ಆರು ತಿಂಗಳೊಳಗೆ ಶೇ. 90ರಷ್ಟು ಜೈವಿಕವಾಗಿ ಕರಗಬೇಕು. ಆದರೆ ಇದೆಲ್ಲ ದೊಡ್ಡ ಗೊಬ್ಬರ ಘಟಕದ ಬಿಸಿಯಲ್ಲಿ, ಅಂದರೆ ಸುಮಾರು 58 ಡಿಗ್ರಿಯಲ್ಲಿ. ಹಿತ್ತಲಿನ ಗುಂಡಿಯಲ್ಲಿ, ಸಮುದ್ರದಲ್ಲಿ ಪಿಎಲ್‌ಎ ವರ್ಷಗಟ್ಟಲೆ ಹಾಗೇ ಇರುತ್ತದೆ. ಪೆಟ್ ಬಾಟಲಿಗಳ ರಾಶಿಗೆ ಸೇರಿದರೆ ಅದನ್ನೂ ಕೆಡಿಸುತ್ತದೆ. ಹಾಗಾಗಿ ಅಂಥ ಘಟಕ ಇದೆ, ಅದು ನಿಮ್ಮ ಪ್ಯಾಕೆಟ್ ಒಪ್ಪಿಕೊಳ್ಳುತ್ತದೆ, ಗ್ರಾಹಕರು ಬೇರೆ ಮಾಡಿ ಕೊಡುತ್ತಾರೆ ಎಂಬ ಮೂರೂ ಖಚಿತವಾದರೆ ಮಾತ್ರ ಬಳಸಿ. ಚಹಾ ಚೀಲ, ಹಣ್ಣಿನ ಮೇಲಿನ ಸ್ಟಿಕ್ಕರ್, ಆಹಾರದ ಜೊತೆಗೇ ಹಸಿ ಕಸಕ್ಕೆ ಬೀಳುವ ಇಂಥವಕ್ಕೆ ಇದು ಹೊಂದುತ್ತದೆ. "ಆಕ್ಸೋ" ಹೆಸರಿನ, ಪುಡಿಯಾಗುವ ಪ್ಲಾಸ್ಟಿಕ್ ಬೇರೆಯೇ. ಅದು ಕರಗುವುದಿಲ್ಲ, ಸಣ್ಣ ಚೂರಾಗುತ್ತದೆ ಅಷ್ಟೇ. ಐರೋಪ್ಯ ಒಕ್ಕೂಟ ಅದನ್ನು 2021ರ ಜುಲೈನಿಂದ ನಿಷೇಧಿಸಿದೆ. ಅದನ್ನು ಮುಟ್ಟಲೇಬೇಡಿ.

ಗಾಜು ತಡೆಯುವುದರಲ್ಲಿ ಪೂರ್ಣ: ತೇವವಿಲ್ಲ, ಗಾಳಿಯಿಲ್ಲ, ವಾಸನೆಯಿಲ್ಲ. ಆದರೆ ಅದನ್ನು ಕರಗಿಸಲು 1500 ಡಿಗ್ರಿಯ ಹತ್ತಿರದ ಕುಲುಮೆ ಬೇಕು. 300 ಮಿಲಿಲೀಟರಿನ ಗಾಜಿನ ಜಾಡಿ ಸುಮಾರು 150–200 ಗ್ರಾಂ ತೂಗಿದರೆ ಅಷ್ಟೇ ದೊಡ್ಡ ಪ್ಲಾಸ್ಟಿಕ್ ಡಬ್ಬಿ 20–30 ಗ್ರಾಂ. ಒಮ್ಮೆ ಬಳಸಿ ಎಸೆಯುವ ಗಾಜನ್ನು ದೂರ ಸಾಗಿಸಿದರೆ ಇಂಗಾಲದ ಲೆಕ್ಕದಲ್ಲಿ ಅದು ಪ್ಲಾಸ್ಟಿಕ್ಕಿಗಿಂತ ಹಿಂದೆ ಬೀಳುವುದೇ ಹೆಚ್ಚು. ಅದೇ ಗಾಜು ಹತ್ತಿರದಲ್ಲೇ ಸುತ್ತಿ, ತೊಳೆಸಿಕೊಂಡು ವಾಪಸ್ ಬಂದರೆ ಮಾತು ಬೇರೆ. ಜರ್ಮನಿಯಲ್ಲಿ ಠೇವಣಿ ಕಟ್ಟಿ ಹಿಂದಿರುಗಿಸುವ ಗಾಜಿನ ಬಾಟಲಿಗಳನ್ನು 50 ಸಲದವರೆಗೂ ತುಂಬಿಸುತ್ತಾರೆ. ನಿಮ್ಮ ಮಾರಾಟ ಹತ್ತಿರದ ಅಂಗಡಿಗಳಲ್ಲೇ ಇದ್ದರೆ, ನಿತ್ಯದ ಗಿರಾಕಿಗಳಿದ್ದರೆ, ಠೇವಣಿ ಇಟ್ಟುಕೊಂಡು ಜಾಡಿ ವಾಪಸ್ ತರಿಸುವ ಪ್ರಯತ್ನ ಮಾಡಿ. ಇದಕ್ಕೆ ತೊಳೆಯುವ ವ್ಯವಸ್ಥೆ, ಬಿರುಕು ನೋಡುವ ಕಣ್ಣು, ಜಾಡಿಗಳ ಲೆಕ್ಕ ಬೇಕು. ಅಷ್ಟು ಶ್ರಮಕ್ಕೆ ತಕ್ಕ ಫಲ ಇದೆ.

ಲೋಹದ ಡಬ್ಬಿಗಳ ಬಗ್ಗೆ ಹೇಳುವುದು ಕಡಿಮೆ. ತಗಡು ಅಯಸ್ಕಾಂತಕ್ಕೆ ಅಂಟುತ್ತದೆ, ಅಲ್ಯುಮಿನಿಯಂಗೆ ಗುಜರಿಯಲ್ಲಿ ಒಳ್ಳೆಯ ಬೆಲೆ. ಹಳೆಯ ಅಲ್ಯುಮಿನಿಯಂ ಕರಗಿಸಲು ಅದಿರಿನಿಂದ ತೆಗೆಯುವುದಕ್ಕಿಂತ ಶೇ. 95ರಷ್ಟು ಕಡಿಮೆ ಶಕ್ತಿ ಸಾಕು. ಆದರೆ ಲ್ಯಾಮಿನೇಟಿನೊಳಗಿನ ತೆಳು ಹಾಳೆಗೆ ಈ ಮಾತು ಅನ್ವಯಿಸುವುದಿಲ್ಲ, ಅದನ್ನು ಸಾಮಾನ್ಯವಾಗಿ ಯಾರೂ ಬಿಡಿಸುವುದಿಲ್ಲ.

ಹಂತ 6: ಸಣ್ಣ ಭಾಗಗಳನ್ನು ಕಡೆಗಣಿಸಬೇಡಿ

ಡಬ್ಬಿ ಸರಿ ಇದ್ದೂ ಲೇಬಲ್ ಕೆಡಿಸಬಹುದು. ಪೆಟ್ ನೀರಿನಲ್ಲಿ ಮುಳುಗುತ್ತದೆ, ಪಿಇ ಮತ್ತು ಪಿಪಿ ತೇಲುತ್ತವೆ. ರೀಸೈಕಲ್ ಮಾಡುವವರು ಚೂರುಗಳನ್ನು ನೀರಿಗೆ ಹಾಕಿ ಹೀಗೆಯೇ ಬೇರ್ಪಡಿಸುತ್ತಾರೆ. ಪೆಟ್ ಬಾಟಲಿಗೆ ಪಿಇ ಮುಚ್ಚಳ ಹಾಕಿದರೆ ತೊಂದರೆಯಿಲ್ಲ, ಅದು ತೇಲಿ ಬರುತ್ತದೆ. ಪಿವಿಸಿ ಲೇಬಲ್ ಸುತ್ತಿದರೆ ಅದು ಪೆಟ್ ಜೊತೆಗೇ ಮುಳುಗಿ ಇಡೀ ರಾಶಿಯನ್ನು ಹಾಳು ಮಾಡುತ್ತದೆ.

ಕಪ್ಪು ಬಣ್ಣದ ಟ್ರೇ ಚೆಂದ ಕಾಣುತ್ತದೆ. ಆದರೆ ವಿಂಗಡಿಸುವ ಯಂತ್ರ ಅವಕೆಂಪು (ಇನ್‌ಫ್ರಾರೆಡ್) ಬೆಳಕಿನಿಂದ ಪ್ಲಾಸ್ಟಿಕ್ ಗುರುತಿಸುತ್ತದೆ. ಕಪ್ಪು ಬಣ್ಣದೊಳಗಿನ ಇಂಗಾಲದ ಪುಡಿ ಆ ಬೆಳಕನ್ನು ನುಂಗಿಬಿಡುತ್ತದೆ, ಯಂತ್ರಕ್ಕೆ ಟ್ರೇ ಕಾಣುವುದೇ ಇಲ್ಲ. ಬಣ್ಣವಿಲ್ಲದ್ದೇ ಒಳ್ಳೆಯದು. ಐದು ಸೆಂಟಿಮೀಟರಿಗಿಂತ ಸಣ್ಣ ತುಂಡುಗಳು ಜರಡಿಯಲ್ಲಿ ಜಾರಿ ಹೋಗುತ್ತವೆ. ಆದಷ್ಟೂ ಬಿಡಿ ತುಂಡು ಬೇಡ. ಪಿಇ ಫಿಲ್ಮ್ ಮೇಲೆ ನೈಟ್ರೋಸೆಲ್ಯುಲೋಸ್ ಶಾಯಿ ಇದ್ದರೆ ಮತ್ತೆ ಕರಗಿಸುವಾಗ ಸುಟ್ಟು ವಾಸನೆ ಬರುತ್ತದೆ. ಪಾಲಿಯುರೆಥೇನ್ ಶಾಯಿ ಸಿಗುತ್ತದಾ ಎಂದು ಮುದ್ರಕರನ್ನು ಕೇಳಿ. ಅಚ್ಚಿನ ಜಾಗ ಕಡಿಮೆ ಮಾಡಿದರೆ ಇನ್ನೂ ಉತ್ತಮ.

ಹಂತ 7: ತಿನಿಸಿಗೆ ಏನೂ ಇಳಿಯಬಾರದು

"ಫುಡ್ ಗ್ರೇಡ್" ಎಂಬ ಮಾತಿಗೆ ತೃಪ್ತರಾಗಬೇಡಿ. ಪ್ಯಾಕಿಂಗಿನಿಂದ ಆಹಾರಕ್ಕೆ ಎಷ್ಟು ಇಳಿಯುತ್ತದೆ ಎಂಬ ಪರೀಕ್ಷೆಯ ವರದಿ ಕೇಳಿ. ಐರೋಪ್ಯ ಒಕ್ಕೂಟದಲ್ಲಿ ಪ್ಲಾಸ್ಟಿಕ್ಕಿಗೆ ಒಟ್ಟು ಮಿತಿ ಒಂದು ಚದರ ಡೆಸಿಮೀಟರಿಗೆ 10 ಮಿ.ಗ್ರಾಂ. ವರದಿಯಲ್ಲಿ ಮೂರು ವಿಷಯ ನೋಡಿ. ಪರೀಕ್ಷಿಸಿದ್ದು ನಿಮಗೆ ಕೊಡುವ ಪದರಗಳನ್ನೇನಾ? ಅಚ್ಚು ಹಾಕಿದ ಮೇಲೆ ಪರೀಕ್ಷಿಸಿದ್ದಾ? ತಿನಿಸಿನ ಬದಲಿಗೆ ಯಾವ ದ್ರವ ಬಳಸಿ ಪರೀಕ್ಷಿಸಿದ್ದು? ನೀರಿನಂಥ ದ್ರವದಲ್ಲಿ ಪಾಸಾದದ್ದು ಎಣ್ಣೆ ತಿನಿಸಿಗೆ ಪಾಸಾಗದಿರಬಹುದು. ಹುಳಿಗೆ ಅಸಿಟಿಕ್ ಆಮ್ಲದಲ್ಲಿ, ಎಣ್ಣೆ ತಿನಿಸಿಗೆ ಅಡುಗೆ ಎಣ್ಣೆಯಲ್ಲಿ ಪರೀಕ್ಷೆ ಆಗಿರಬೇಕು.

ಕಾಗದದ ವಿಷಯದಲ್ಲಿ ಎರಡು ಎಚ್ಚರ. ಎಣ್ಣೆ ಹೀರದ ಕಾಗದದಲ್ಲಿ ಬಹುಕಾಲ ಪಿಎಫ್‌ಎಎಸ್ ಗುಂಪಿನ ರಾಸಾಯನಿಕಗಳನ್ನು ಬಳಸಿದ್ದಾರೆ. ಅವು ಪ್ರಕೃತಿಯಲ್ಲಿ ಕೊಳೆಯುವುದಿಲ್ಲ. ಡೆನ್ಮಾರ್ಕ್ 2020ರಲ್ಲೇ ಆಹಾರ ತಾಗುವ ಕಾಗದದಲ್ಲಿ ಅವನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟದ ಹೊಸ ಪ್ಯಾಕೇಜಿಂಗ್ ಕಾನೂನು 2026ರ ಆಗಸ್ಟ್ 12ರಿಂದ ಮಿತಿ ಹಾಕುತ್ತದೆ. "ಪಿಎಫ್‌ಎಎಸ್ ಸೇರಿಸಿಲ್ಲ" ಎಂದು ಬರೆಸಿಕೊಳ್ಳಿ. ಎರಡನೆಯದು ಹಳೆ ಕಾಗದದಿಂದ ಮಾಡಿದ ರಟ್ಟು. ಹಳೆಯ ಸುದ್ದಿಪತ್ರಿಕೆಯ ಶಾಯಿಯೊಳಗಿನ ಖನಿಜ ತೈಲ ಆವಿಯಾಗಿ ಒಣ ತಿನಿಸಿಗೆ ಸೇರುತ್ತದೆ. ಒಳಗೆ ಪಿಇ ಚೀಲ ಇದ್ದರೂ ಅದು ದಾಟಿ ಬರುತ್ತದೆ. ತಿನಿಸಿಗೆ ಹತ್ತಿರ ಇರುವ ರಟ್ಟಿಗೆ ಹೊಸ ನಾರು ಅಥವಾ ಗಟ್ಟಿ ತಡೆಪದರ ಬೇಕು. ಹಳೆ ಕಾಗದದ ರಟ್ಟನ್ನು ಹೊರಗಿನ ಸಾಗಣೆ ಪೆಟ್ಟಿಗೆಗೆ ನಿಶ್ಚಿಂತೆಯಾಗಿ ಬಳಸಿ.

ಹಂತ 8: ನಿಮ್ಮ ಮೆಷಿನ್ ಮೇಲೆ ಓಡಿಸಿ, ಆಮೇಲೆ ಕಾಯಿರಿ

ಹೊಸ ಫಿಲ್ಮ್ ಹಾಕಿದ ದಿನ ಬೇಸರ ಪಡಬೇಡಿ, ಮೊದಲ ದಿನ ಸರಿಯಾಗಿ ಓಡುವುದು ಅಪರೂಪ. ಹಳೆಯ ಲ್ಯಾಮಿನೇಟಿನಲ್ಲಿ ಹೊರಗಿನ ಪೆಟ್ ಪದರ ಸೀಲ್ ಬಿಸಿಗೆ ಜಗ್ಗುತ್ತಿರಲಿಲ್ಲ, ಒಳಗಿನ ಪಿಇ ಮಾತ್ರ ಕರಗುತ್ತಿತ್ತು. ಪೂರ್ತಿ ಪಿಇ ಫಿಲ್ಮ್‌ನಲ್ಲಿ ಹೊರಪದರವೂ ಅದೇ ಜಾತಿ. ಬಿಸಿ ಸ್ವಲ್ಪ ಜಾಸ್ತಿಯಾದರೆ ಹೊರಗಡೆಯೇ ಕರಗಿ ಸೀಲಿಂಗ್ ಪಟ್ಟಿಗೆ ಅಂಟುತ್ತದೆ, ಕಡಿಮೆಯಾದರೆ ಸೀಲ್ ಬಿಟ್ಟುಕೊಳ್ಳುತ್ತದೆ. ಐದೈದು ಡಿಗ್ರಿ ಏರಿಸುತ್ತ ಹೋಗಿ, ಪ್ರತಿ ಬಿಸಿಯಲ್ಲೂ ಹತ್ತು ಪೌಚ್ ತೆಗೆದು ಎಳೆದು ನೋಡಿ. ಎಲ್ಲಿಂದ ಎಲ್ಲಿವರೆಗೆ ಸೀಲ್ ಗಟ್ಟಿ ಇದೆ ಎಂದು ಗುರುತು ಮಾಡಿಕೊಳ್ಳಿ. ಮೆಷಿನ್ ವೇಗ ಸ್ವಲ್ಪ ಇಳಿಸಬೇಕಾಗಬಹುದು. ಪಟ್ಟಿಗೆ ಅಂಟದ ಲೇಪ ಹಾಕಿಸಬೇಕಾಗಬಹುದು.

ಸೋರಿಕೆ ನೋಡುವುದು ಸುಲಭ. ಸೀಲ್ ಆದ ಪೌಚನ್ನು ನೀರಿನಲ್ಲಿ ಅದುಮಿ, ಗುಳ್ಳೆ ಬಂದರೆ ತೂತಿದೆ. ಮೂಲೆಗಳನ್ನೂ ಸೀಲ್ ಒಂದರ ಮೇಲೊಂದು ಬರುವ ಜಾಗವನ್ನೂ ಚೆನ್ನಾಗಿ ನೋಡಿ. ಎಷ್ಟು ಒಳ್ಳೆಯ ಫಿಲ್ಮ್ ಇದ್ದರೂ ಕೂದಲೆಳೆಯಷ್ಟು ಸೋರಿಕೆ ಅದನ್ನು ವ್ಯರ್ಥ ಮಾಡುತ್ತದೆ. ಪುಡಿ ತಿನಿಸಾದರೆ ಸೀಲ್ ಜಾಗಕ್ಕೆ ಪುಡಿ ಸಿಕ್ಕಿಕೊಂಡಿದೆಯಾ ನೋಡಿ. ಆಮೇಲೆ ತುಂಬಿದ ಪೆಟ್ಟಿಗೆಯನ್ನು ನಿಜವಾದ ಗಾಡಿಯಲ್ಲಿ, ನಿಜವಾದ ದಾರಿಯಲ್ಲಿ ಕಳಿಸಿ ವಾಪಸ್ ತರಿಸಿ ಬಿಚ್ಚಿ.

ಬಾಳಿಕೆಯ ಪರೀಕ್ಷೆಗೆ ಹೊಸ ಪೌಚುಗಳ ಜೊತೆ ಹಳೆಯ ಪೌಚುಗಳನ್ನೂ ಇಡಿ, ಒಂದೇ ಬ್ಯಾಚಿನ ತಿನಿಸು ತುಂಬಿ. ಹೋಲಿಕೆಗೆ ಹಳೆಯದು ಇಲ್ಲದಿದ್ದರೆ ತಪ್ಪು ತಿನಿಸಿನದಾ ಪೌಚಿನದಾ ಗೊತ್ತಾಗುವುದಿಲ್ಲ. ಅವಸರವಿದ್ದವರು ಬಿಸಿ ಕೋಣೆಯಲ್ಲಿಟ್ಟು ನೋಡುತ್ತಾರೆ. 10 ಡಿಗ್ರಿ ಏರಿದರೆ ಕೆಡುವ ವೇಗ ಸುಮಾರು ಎರಡು ಪಟ್ಟು ಎಂಬ ಅಂದಾಜಿನಂತೆ, 25 ಡಿಗ್ರಿಯ 180 ದಿನಕ್ಕೆ 45 ಡಿಗ್ರಿಯಲ್ಲಿ 45 ದಿನ. ಕಮಟು ಹಿಡಿಯುವುದನ್ನು ತಿಳಿಯಲು ಇದು ಒಂದು ಮಟ್ಟಿಗೆ ಸರಿ. ಚಾಕೊಲೇಟಿನಂಥ ಕರಗುವ ತಿನಿಸಿಗೆ ಹೊಂದುವುದಿಲ್ಲ. ಏನೇ ಆಗಲಿ, ಮಾಮೂಲಿ ಹವೆಯಲ್ಲೂ ಒಂದು ಸಾಲು ಇಟ್ಟು ವಾರವಾರ ಬಿಚ್ಚಿ, ತೂಗಿ, ತಿಂದು, ಬರೆದಿಡಿ.

ಹಂತ 9: ಸ್ವಲ್ಪವೇ ತರಿಸಿ, ಹಳೆಯದನ್ನು ಮುಗಿಸಿ

ಅಚ್ಚು ಹಾಕಿದ ಹಳೆಯ ಫಿಲ್ಮ್ ಗೋದಾಮಿನಲ್ಲಿ ಇದ್ದರೆ ಅದನ್ನು ಎಸೆದು ಹೊಸದಕ್ಕೆ ಹಾರುವುದು ಪರಿಸರಕ್ಕೆ ಒಳ್ಳೆಯದಲ್ಲ. ಬಳಸಿ ಮುಗಿಸಿ. ಹೊಸದನ್ನು ಮೊದಲು ಅಚ್ಚಿಲ್ಲದೆ, ಲೇಬಲ್ ಅಂಟಿಸಿ, ಒಂದೇ ತಿನಿಸಿಗೆ, ಕೆಲವೇ ಅಂಗಡಿಗಳಿಗೆ ಕೊಡಿ. ಫಿಲ್ಮ್ ಮೇಲೆ ಅಚ್ಚು ಹಾಕುವ ಸಿಲಿಂಡರ್ ಕೆತ್ತಿಸುವ ಖರ್ಚು ಆಮೇಲೆ ಮಾಡಬಹುದು. ದರ ಹೋಲಿಸುವಾಗ ಕಿಲೋ ಫಿಲ್ಮ್‌ನ ಬೆಲೆ ನೋಡಬೇಡಿ, ಸರಿಯಾಗಿ ಸೀಲ್ ಆಗಿ ಮಾರಾಟವಾದ ಒಂದು ಪ್ಯಾಕೆಟ್ಟಿಗೆ ಎಷ್ಟು ಬಿತ್ತು ನೋಡಿ. ಹಾಳಾದ ಪೌಚ್, ನಿಧಾನವಾದ ಮೆಷಿನ್, ವಾಪಸ್ ಬಂದ ಮಾಲು ಎಲ್ಲ ಅದರಲ್ಲಿ ಸೇರಿರಬೇಕು.

ಹಂತ 10: ಪ್ಯಾಕೆಟ್ ಮೇಲೆ ನಿಜ ಬರೆಯಿರಿ

"ಹಸಿರು", "ಪರಿಸರಸ್ನೇಹಿ", "ಭೂಮಿಗೆ ಒಳ್ಳೆಯದು" ಇಂಥ ಮಾತುಗಳು ಓದುವವರಿಗೆ ಏನೂ ತಿಳಿಸುವುದಿಲ್ಲ. ಆಧಾರವಿಲ್ಲದ ಇಂಥ ಸಾಮಾನ್ಯ ಹೇಳಿಕೆಗಳನ್ನು ಐರೋಪ್ಯ ಒಕ್ಕೂಟ 2026ರ ಸೆಪ್ಟೆಂಬರ್ 27ರಿಂದ ತಡೆಯುತ್ತದೆ. ಬದಲಿಗೆ ಹೀಗೆ ಬರೆಯಬಹುದು: "ಈ ಪೌಚ್ ಪೂರ್ತಿ ಪಿಇ. ಖಾಲಿ ಮಾಡಿ, ಒಣಗಿಸಿ, ಪ್ಲಾಸ್ಟಿಕ್ ಕಸಕ್ಕೆ ಹಾಕಿ." ಅಥವಾ, "ಮುಚ್ಚಳ ತೆಗೆಯಬೇಡಿ, ಡಬ್ಬಿಯ ಜೊತೆಗೇ ಹಾಕಿ." ಗೊಬ್ಬರವಾಗುವುದಾದರೆ ಎಂಥ ಗೊಬ್ಬರ ಘಟಕದಲ್ಲಿ ಎಂದು ಬರೆಯಲೇಬೇಕು. ಅಡುಗೆಮನೆಯಲ್ಲಿ ಖಾಲಿ ಪ್ಯಾಕೆಟ್ ಹಿಡಿದು ನಿಂತವರಿಗೆ ಮುಂದೇನು ಮಾಡಬೇಕು ಎಂದು ತಿಳಿದರೆ ಸಾಕು.

ಮಾರುಕಟ್ಟೆಗೆ ಬಿಟ್ಟ ಮೇಲೆ

ಪ್ರತಿ ಬ್ಯಾಚಿನಿಂದ ಹತ್ತು ಪೌಚ್ ತೆಗೆದು, ತಾರೀಕು ಬರೆದು, ಅಂಗಡಿಯ ಕಪಾಟಿನಂಥದೇ ಜಾಗದಲ್ಲಿ ಇಟ್ಟುಕೊಳ್ಳಿ. ದೂರು ಬಂದಾಗ ಅದೇ ಬ್ಯಾಚಿನದನ್ನು ಬಿಚ್ಚಿ ನೋಡಬಹುದು. ಮಳೆಗಾಲವನ್ನೂ ಬೇಸಿಗೆಯನ್ನೂ ದಾಟುವವರೆಗೆ ಹೊಸ ಪ್ಯಾಕೆಟ್ ಗೆದ್ದಿದೆ ಎಂದುಕೊಳ್ಳಬೇಡಿ. ವಾಪಸ್ ಬಂದ ಮಾಲನ್ನು ಕಾರಣದೊಂದಿಗೆ ಬರೆದಿಡಿ: ಮೆತ್ತಗಾದದ್ದು, ಸೋರಿದ್ದು, ಒಡೆದದ್ದು. ಮೊದಲ ಹಂತದಲ್ಲಿ ಬರೆದಿಟ್ಟ ಗ್ರಾಂಗಳ ಪಕ್ಕದಲ್ಲೇ ಈ ಲೆಕ್ಕವೂ ಇರಲಿ.

ನಮ್ಮ ಬಿಸ್ಕತ್ತು ಈಗ ಲೋಹಲೇಪ ಇರುವ, ಪೂರ್ತಿ ಪಿಪಿ ಪೌಚಿನಲ್ಲಿ ಹೋಗುತ್ತದೆ. ಹೊರಗಿನ ರಟ್ಟಿನ ಪೆಟ್ಟಿಗೆ ಇಲ್ಲ, ಪೌಚಿನ ಉದ್ದವೂ ಕಡಿಮೆಯಾಗಿದೆ. ಬೀಜಗಳನ್ನು ಹತ್ತಿರದ ಅಂಗಡಿಗಳಿಗೆ ಗಾಜಿನ ಜಾಡಿಯಲ್ಲಿ ಕೊಟ್ಟು, ಜಾಡಿ ವಾಪಸ್ ತರಿಸುತ್ತೇವೆ. ಅರ್ಧ ವರ್ಷ ಆದ ಮೇಲೆ ಖಾಲಿ ಪೌಚ್ ಹಿಡಿದು ಮತ್ತೆ ಆ ವಿಂಗಡಣೆ ಕೇಂದ್ರಕ್ಕೆ ಹೋದೆ. ಹಿಂದೆ ನನಗೆ ಪದರ ತೋರಿಸಿದ್ದ ಹೆಂಗಸು ಅದನ್ನೂ ಎಳೆದು ನೋಡಿದರು. ಪಕ್ಕದ ಪಿಪಿ ಚೀಲಕ್ಕೆ ಹಾಕಿದರು. "ಬಿಳಿ ಲೇಬಲ್ಲಿನ ಅಂಟು ಮಾತ್ರ ಇನ್ನೂ ಜಾಸ್ತಿ" ಅಂದರು. ಈಗ ಅಂಟು ಬದಲಿಸುವ ಕೆಲಸದಲ್ಲಿದ್ದೇವೆ.